ಕಲನಗಣಿತದ ಕರ್ತೃತ್ವವಿವಾದ

ಕಲನಗಣಿತವನ್ನು ಮೊದಲು ಕಂಡವನು ನ್ಯೂಟನ್ನನೋ ಲೈಬ್ನಿಟ್ಸನೋ ಎಂಬ ವಿವಾದವನ್ನು ತೀರ್ಮಾನಿಸಲೆಂದು ಲಂಡನ್ನಿನ ರಾಯಲ್ ಸೊಸೈಟಿಯಿಂದ 1713ರಲ್ಲಿ ಹೊರಬಂದ ‘ಕಾಮರ್ಸಿಯಂ ಎಪಿಸ್ಟೋಲಿಕಂ’ ಎಂಬ ಲ್ಯಾಟಿನ್ ಗ್ರಂಥವು, ಪತ್ರಸಂಗ್ರಹದ ವೇಷ ತೊಟ್ಟ ತೀರ್ಪು. ಸೊಸೈಟಿಯ ಅಧ್ಯಕ್ಷನು ಆಗ ನ್ಯೂಟನ್ನನೇ. ಸಮಿತಿಯ ವರದಿಯ ಕರಡೂ ಅವನದೇ. 1715ರಲ್ಲಿ ಹೆಸರಿಲ್ಲದೆ ಅಚ್ಚಾದ ಗ್ರಂಥವಿಮರ್ಶೆಯೂ ಅವನದೇ! ವಾದಿಯೇ ನ್ಯಾಯಾಧಿಪತಿಯಾದ ಮೇಲೆ ಪ್ರತಿವಾದಿಯನ್ನು ಕೇಳುವವರಾರು? ಲೈಬ್ನಿಟ್ಸನ ಹೇಳಿಕೆಯನ್ನು ಸಮಿತಿಯು ಪಡೆಯಲೇ ಇಲ್ಲ.

ವಿಷಾದವೇನೆಂದರೆ, ಇಷ್ಟೆಲ್ಲ ಉಪಾಯವು ಬೇಕೇ ಇರಲಿಲ್ಲ. ನ್ಯೂಟನ್ನನು 1665-66ರಲ್ಲಿಯೇ ಈ ವಿಧಾನವನ್ನು ಕಂಡಿದ್ದುದು ನಿಜ. ಆದರೆ 1684ರಲ್ಲಿ ಮೊದಲು ಪ್ರಕಟಿಸಿದವನು ಲೈಬ್ನಿಟ್ಸನು. ಅವನು ತನ್ನ ದಾರಿಯಲ್ಲಿಯೇ ಅದನ್ನು ಕಂಡಿದ್ದನು. ಮುಂಚೆ ಕಂಡುದಕ್ಕೆ ಸಾಕ್ಷ್ಯವಿತ್ತ ಗ್ರಂಥವು, ಸಾಕ್ಷ್ಯವಿಲ್ಲದ ಕಳವನ್ನೂ ಧ್ವನಿಸಿ ಕೆಟ್ಟಿತು. ಲೈಬ್ನಿಟ್ಸನು ಉತ್ತರವಾಗಿ ಬರೆಯತೊಡಗಿದ ಇತಿಹಾಸವು, 1716ರಲ್ಲಿ ಅವನು ತೀರಿಕೊಂಡಾಗ, ಅಪೂರ್ಣವಾಗಿ ಉಳಿದಿದ್ದಿತು.