ಆಟದ ಗಾಯ, ಆಟದ ಆರೈಕೆ

ಪಗಡೆ, ಚೌಕಾಬಾರ ಆಡಿ ಬೆಳೆದ ನಮ್ಮಂಥವರಿಗೆ ದಾಳವೆಂದರೆ ಕಾಯಿ ನಡೆಸುವ ಸಾಧನ. ಇಂದು ನಮ್ಮ ಮನೆಗಳ ಕೆಲವು ಹುಡುಗ ಹುಡುಗಿಯರು ಇನ್ನೊಂದು ಬಗೆಯ ದಾಳದಾಟಕ್ಕೆ ಒಲಿದಿದ್ದಾರೆ. ನಾಲ್ಕೈದು ಮಂದಿ ಮೇಜಿನ ಸುತ್ತ ಕೂತು, ಒಬ್ಬ ಯೋಧ, ಒಬ್ಬ ಮಂತ್ರವಾದಿ, ಒಬ್ಬ ಕಳ್ಳ ಎಂದು ಪಾತ್ರ ಹಂಚಿಕೊಂಡು, ಗಂಟೆಗಟ್ಟಲೆ ಕತೆ ಕಟ್ಟುತ್ತಾರೆ. ಈ ಆಟಗಳ ಮೂಲಪುರುಷ ಎನ್ನಬಹುದಾದುದು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಇದನ್ನು 1974ರಲ್ಲಿ ಹೊರತಂದರು. ಇಲ್ಲಿನ ಗಾಯ ಮತ್ತು ಗುಣವಾಗುವಿಕೆಯ ನಿಯಮಗಳನ್ನಷ್ಟೇ ಈ ಬಾರಿ ಪರಿಶೀಲಿಸೋಣ. ಒಂದು ಆಟ ಶರೀರವನ್ನು ಹೇಗೆ ಲೆಕ್ಕ ಹಾಕುತ್ತದೆ ಎಂಬುದರಲ್ಲಿ ಅದರ ಮನೋಧರ್ಮ ಕಾಣುತ್ತದೆ ಎಂದು ನಮ್ಮ ನಂಬಿಕೆ.

ಪ್ರತಿ ಪಾತ್ರಕ್ಕೂ ‘ಹಿಟ್ ಪಾಯಿಂಟ್’ ಎಂಬ ಅಂಕವಿರುತ್ತದೆ. ನಾವದನ್ನು ಪ್ರಾಣಾಂಕ ಎಂದು ಕರೆಯೋಣ. ಪೆಟ್ಟು ಬಿದ್ದಷ್ಟೂ ಅಂಕ ಇಳಿಯುತ್ತದೆ. ಈ ಕಲ್ಪನೆಯನ್ನು ಹಡಗು ಯುದ್ಧದ ಆಟಗಳಿಂದ ತಂದುದಾಗಿ ಆರ್ನೆಸನ್ ಹೇಳಿದ್ದರು. ಹಡಗು ಮುಳುಗುವವರೆಗೂ ತೇಲುತ್ತದೆ. ಹಾಗೆಯೇ ಇಲ್ಲಿನ ವೀರನೂ ನೂರು ಅಂಕವಿದ್ದಾಗ ಹೇಗೋ ಒಂದೇ ಅಂಕ ಉಳಿದಾಗಲೂ ಹಾಗೆಯೇ ಕತ್ತಿ ಬೀಸುತ್ತಾನೆ. ಇದು ಬರಿಯ ಮೈಗಾಯದ ಲೆಕ್ಕವಲ್ಲ, ಯುದ್ಧಕೌಶಲ, ಅದೃಷ್ಟ, ದೈವಕೃಪೆಗಳೂ ಇದರಲ್ಲಿ ಸೇರಿವೆ ಎಂದು ಗೈಗ್ಯಾಕ್ಸ್ ಸಮರ್ಥಿಸಿಕೊಂಡರು. ಸಮರ್ಥನೆ ಜಾಣತನದ್ದೇ. ಆದರೆ ಅದೃಷ್ಟ ತೀರಿದವನಿಗೆ ‘ಗಾಯ ಮಾಯಿಸುವ’ ಮಂತ್ರ ಏಕೆ ಬೇಕು ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರ ಸಿಗುವುದಿಲ್ಲ.

1979ರ ನಿಯಮಗ್ರಂಥ ಬಲು ಕಟ್ಟುನಿಟ್ಟಿನದು. ವಿಶ್ರಾಂತಿ ಪಡೆದರೆ ದಿನಕ್ಕೆ ಒಂದು ಅಂಕ ಮಾತ್ರ ಮರಳುತ್ತಿತ್ತು. ಸೊನ್ನೆಗೆ ಇಳಿದು ಬದುಕಿ ಉಳಿದವನು ಮೊದಲು ಪ್ರಜ್ಞೆ ತಪ್ಪಿ ಬಿದ್ದಿರಬೇಕು, ಆಮೇಲೆ ಕನಿಷ್ಠ ಒಂದು ವಾರ ಮಲಗಿರಬೇಕು. 2014ರ ಐದನೆಯ ಆವೃತ್ತಿಯಲ್ಲಿ ಎಂಟು ಗಂಟೆಯ ವಿಶ್ರಾಂತಿ ಪಡೆದರೆ ಸಾಕು, ಅಂಕವೆಲ್ಲ ಮರಳುತ್ತದೆ. ನಿನ್ನೆ ಡ್ರ್ಯಾಗನ್ನಿನ ಬೆಂಕಿಯಲ್ಲಿ ಬೆಂದವನು ಇಂದು ಬೆಳಗ್ಗೆ ಮೈಮುರಿದು ಏಳುತ್ತಾನೆ.

ಇದಕ್ಕಿಂತ ನಮ್ಮನ್ನು ಕಾಡಿದ್ದು ಇನ್ನೊಂದು ಸಂಗತಿ. ಯೋಧನಲ್ಲಿ 5 ಅಂಕ ಉಳಿದಿದೆ, ಎದುರಿಗಿರುವ ರಾಕ್ಷಸನ ಪೆಟ್ಟು 13 ಎಂದಿಟ್ಟುಕೊಳ್ಳಿ. ಗುಣಪಡಿಸುವ ಪಾತ್ರಧಾರಿಯಾದ ಕ್ಲೆರಿಕ್ ಮೊದಲೇ ಮಂತ್ರ ಹಾಕಿ 7 ಅಂಕ ಕೊಟ್ಟರೆ ಒಟ್ಟು 12. ಪೆಟ್ಟು ಬೀಳುತ್ತದೆ, ಯೋಧ ಉರುಳುತ್ತಾನೆ, ಮಂತ್ರ ವ್ಯರ್ಥ. ಅದೇ ಕ್ಲೆರಿಕ್ ಸುಮ್ಮನೆ ನೋಡುತ್ತಿದ್ದರೆ? ಯೋಧ ಉರುಳುತ್ತಾನೆ, ಅಂಕ ಸೊನ್ನೆಗಿಂತ ಕೆಳಗೆ ಇಳಿಯುವುದಿಲ್ಲವಾದ್ದರಿಂದ ಉಳಿದ 8ರ ಪೆಟ್ಟು ಗಾಳಿಗೆ ಹೋಗುತ್ತದೆ. ಈಗ ಅದೇ ಮಂತ್ರ ಹಾಕಿದರೆ ಯೋಧ 7 ಅಂಕದೊಡನೆ ಎದ್ದು ನಿಲ್ಲುತ್ತಾನೆ! ಮಿಕ್ಕ ಪೆಟ್ಟು ಪಾತ್ರದ ಪೂರ್ಣಾಂಕದಷ್ಟಾದರೆ ತಕ್ಷಣ ಸಾವು ಎಂಬ ನಿಯಮವೇನೋ ಇದೆ, ಆದರೆ ಅಂಥ ಸಂದರ್ಭ ಅಪರೂಪ. ಅಂತೂ ಗೆಳೆಯ ನರಳುವಾಗ ಕೈಕಟ್ಟಿ ಕೂತು, ಬಿದ್ದ ಮೇಲೆ ಎಬ್ಬಿಸುವುದೇ ಜಾಣ ಆಟವಾಯಿತು. 2024ರ ಪರಿಷ್ಕರಣೆಯಲ್ಲಿ ಈ ಮಂತ್ರದ ದಾಳ ಒಂದರ ಬದಲು ಎರಡಾಯಿತು. ಲೆಕ್ಕದ ಬಿಗಿ ಸ್ವಲ್ಪ ಸಡಿಲವಾಯಿತೇ ಹೊರತು ಲೆಕ್ಕ ಬದಲಾಗಲಿಲ್ಲ.

ಹಾಗೆಂದು ಹಳೆಯದೆಲ್ಲ ಚಿನ್ನವೆಂದು ನಾವು ವಾದಿಸುವುದಿಲ್ಲ. ‘ಒಂದು ತಿಂಗಳು ಮಲಗಿದೆವು’ ಎಂದು ಬಾಯಲ್ಲಿ ಹೇಳಿದರೆ ಕಾಗದದ ಮೇಲೆ ತಿಂಗಳು ಕಳೆಯಿತು. ಯಾರಿಗೂ ಏನೂ ಕಷ್ಟವಾಗಲಿಲ್ಲ. ಅದನ್ನು ತಪ್ಪಿಸಲು ಗುಂಪಿನಲ್ಲಿ ಒಬ್ಬರು ಇಷ್ಟವಿರಲಿ ಬಿಡಲಿ ಕ್ಲೆರಿಕ್ ಆಗಲೇಬೇಕಿತ್ತು. ಎಲ್ಲರೂ ಪರಾಕ್ರಮ ಮೆರೆಯುವಾಗ ಒಬ್ಬರು ಸದಾ ಪಟ್ಟಿ ಕಟ್ಟುತ್ತಿರುವುದು ನ್ಯಾಯವೆಂದು ಹೇಳಲಾಗದು. ಹೊಸ ನಿಯಮಗಳು ಆ ಒಬ್ಬರನ್ನು ಬಿಡುಗಡೆ ಮಾಡಿದ್ದು ಸರಿಯೇ. ಆದರೆ ಆ ಭರದಲ್ಲಿ ಆರೈಕೆಯನ್ನೇ ಆಟದಿಂದ ಹೊರಗೆ ಕಳಿಸಿದವು.

ಬೇರೆ ದಾರಿ ಇದೆಯೆಂದು ತೋರಿಸಿದ್ದು ಜಾನ್ ಹಾರ್ಪರ್ ಅವರ ‘ಬ್ಲೇಡ್ಸ್ ಇನ್ ದ ಡಾರ್ಕ್’, 2017ರದು. ಅಲ್ಲಿ ಗಾಯಕ್ಕೆ ಅಂಕವಿಲ್ಲ, ಹೆಸರಿದೆ: ‘ಕಾಲು ಮುರಿದಿದೆ’ ಎಂದು ಮಾತಿನಲ್ಲೇ ಬರೆದುಕೊಳ್ಳಬೇಕು. ಸಣ್ಣ ಗಾಯ ಕೆಲಸದ ಫಲವನ್ನು ಕುಗ್ಗಿಸುತ್ತದೆ, ದೊಡ್ಡದಾದರೆ ಒಂದು ದಾಳ ಕಡಿಮೆ. ಇನ್ನೂ ದೊಡ್ಡದಾದರೆ, ಇನ್ನೊಬ್ಬರ ನೆರವು ಪಡೆಯದೆ ಅಥವಾ ತನ್ನನ್ನು ತಾನೇ ಹಿಂಡಿಕೊಳ್ಳದೆ ಏನೂ ಮಾಡುವಂತಿಲ್ಲ. ಗುಣವಾಗಬೇಕಾದರೆ ಚಿಕಿತ್ಸೆ ಮಾಡುವವರೊಬ್ಬರನ್ನು ಹುಡುಕಿ, ಬಿಡುವಿನ ವೇಳೆಯನ್ನು ಅದಕ್ಕೇ ಕೊಡಬೇಕು. ಆ ವೇಳೆ ಬೇರೆ ಕೆಲಸಕ್ಕೆ ಸಿಗುವುದಿಲ್ಲ. ಇಲ್ಲಿ ಗುಣವಾಗುವುದಕ್ಕೆ ಒಂದು ಬೆಲೆ ಇದೆ, ಜೊತೆಗೆ ಒಬ್ಬ ಮನುಷ್ಯ ಬೇಕು.

ಊರು ಬಿಟ್ಟು ಬಂದ ನಮಗೆ ಈ ಬೆಲೆ ಚೆನ್ನಾಗಿ ಗೊತ್ತು. ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದರೆ ರಜೆ ಹಾಕುವವರು ಯಾರು, ಗಂಜಿ ಕಾಯಿಸುವವರು ಯಾರು, ಊರಿನಿಂದ ಅಮ್ಮನನ್ನು ಕರೆಸುವುದೇ, ಪಕ್ಕದ ಮನೆಯವರನ್ನು ಕೇಳುವುದೇ ಎಂಬ ಲೆಕ್ಕ ಅಂದೇ ಶುರುವಾಗುತ್ತದೆ. ಎಂಟು ಗಂಟೆಯಲ್ಲಿ ಏಳುವ ಶರೀರ ನಮ್ಮಲ್ಲಿ ಯಾರಿಗೂ ಇಲ್ಲ. ಆಟವೆಂಬುದು ವಿನೋದಕ್ಕೆ, ನಿಜ. ಆದರೆ ಕತೆಯ ವಿನೋದವೂ ಏನನ್ನಾದರೂ ಕಳೆದುಕೊಳ್ಳುವ ಭಯದಿಂದಲೇ ಹುಟ್ಟುವುದಲ್ಲವೇ?

ಆದ್ದರಿಂದ ಮಕ್ಕಳ ಕೈಯಿಂದ ಪುಸ್ತಕ ಕಸಿಯಿರೆಂದು ನಾವು ಹೇಳುವುದಿಲ್ಲ. ಇಂಥ ಆಟದಲ್ಲಿ ನಿಯಮ ತಿದ್ದುವ ಹಕ್ಕು ಆಡುವವರಿಗೇ ಇದೆ. ಸೊನ್ನೆಗೆ ಇಳಿದವನಿಗೆ ಪ್ರತಿ ಸಲವೂ ಒಂದು ಹಂತದ ಬಳಲಿಕೆ ಎಂದು ಸೇರಿಸಿಕೊಂಡು ಆಡುವವರು ಅನೇಕರಿದ್ದಾರೆ. 2014ರ ಆಟ ನಡೆಸುವವರ ಕೈಪಿಡಿಯಲ್ಲೇ ಪೂರ್ಣ ವಿಶ್ರಾಂತಿಗೆ ಏಳು ದಿನ ಎಂಬ ಐಚ್ಛಿಕ ನಿಯಮವೂ ಉಂಟು. ಹಿರಿಯರು ಒಂದು ಸಂಜೆ ಮೇಜಿನ ಪಕ್ಕ ಕೂತು, ‘ಬಿದ್ದವನನ್ನು ಈ ಏಳು ದಿನ ನೋಡಿಕೊಂಡವರು ಯಾರಪ್ಪಾ?’ ಎಂದು ಕೇಳಿ ನೋಡಲಿ. ಉತ್ತರ ಹುಡುಕುತ್ತಾ ಮಕ್ಕಳು ಇನ್ನೂ ಒಳ್ಳೆಯ ಕತೆಯನ್ನೇ ಕಟ್ಟಿಯಾರು.