ನಿಂತ ಗಾಡಿಯ ಹಗುರ, ಓಡುವ ಗಾಡಿಯ ಭಾರ

ಗಾಡಿ ಕೊಳ್ಳಲು ಹೋದವರು ಷೋರೂಮಿನ ಅಂಗಳದಲ್ಲಿ ನಿಂತಲ್ಲೇ ಸ್ಟಿಯರಿಂಗನ್ನು ಒಂದು ಕೈಯಿಂದ ತಿರುಗಿಸಿ, ಹಗುರವಾಗಿದೆ ಎಂದು ತೃಪ್ತಿಪಡುವುದು ವಾಡಿಕೆಯಾಗಿದ್ದರೂ, ನಾಲ್ಕೂ ಗಾಲಿಗಳಿಗೆ ಎಂಜಿನ್ನಿನ ಬಲ ಹಾಯಿಸಬಲ್ಲ ಗಾಡಿಗಳ ಮಟ್ಟಿಗೆ ಆ ಪರೀಕ್ಷೆಯಿಂದ ತಿಳಿಯುವುದು ಬಹಳ ಕಡಿಮೆ. ನಿಂತ ಗಾಡಿಯಲ್ಲಿ ಚಾಲಕನ ತೋಳು ಎದುರಿಸುವುದು ಮುಖ್ಯವಾಗಿ ಟೈರು ನೆಲಕ್ಕೆ ಉಜ್ಜುವ ಘರ್ಷಣೆಯನ್ನು. ಗಾಡಿ ಹೊಲದ ದಾರಿಗೆ ಇಳಿದ ಮೇಲೆ ನೆಲವೇ ಗಾಲಿಯನ್ನು ತನಗೆ ಬೇಕಾದತ್ತ ತಿರುಗಿಸಲು ತೊಡಗುತ್ತದೆ, ಆಗ ತೋಳಿನ ಮೇಲೆ ಬೀಳುವ ಭಾರವೇ ಬೇರೆ ಜಾತಿಯದು. ಬಾದಾಮಿಯ ಕೆಂಪು ಮರಳುಗಲ್ಲು, ಹುನಗುಂದದ ಎರೆ ಎಂಬ ಕಪ್ಪು ಮಣ್ಣು, ಇಳಕಲ್ಲಿನ ಗ್ರಾನೈಟ್ ಖಣಿಗಳು ಒಂದೇ ದಿನದ ಓಡಾಟದೊಳಗೆ ಸಿಗುವ ಬಾಗಲಕೋಟೆ ಜಿಲ್ಲೆಯಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ.

ಇವುಗಳಲ್ಲಿ ಹೆಚ್ಚು ಕಲಿಸುವುದು ಎರೆ. ಮಳೆಗಾಲದಲ್ಲಿ ಅದು ಟೈರಿನ ಹಲ್ಲುಗಳ ಸಂದಿನಲ್ಲಿ ತುಂಬಿಕೊಂಡು ಗಾಲಿಯನ್ನು ನುಣ್ಣನೆಯ ಉರುಳೆಯಾಗಿಸುವುದರಿಂದ ಸ್ಟಿಯರಿಂಗ್ ಸಲೀಸಾಗಿ ತಿರುಗುತ್ತದೆ, ಗಾಡಿ ಮಾತ್ರ ನೆಟ್ಟಗೆ ಜಾರುತ್ತ ಹೋಗುತ್ತದೆ. ಅಂದರೆ ಇಲ್ಲಿ ಹಗುರವೆಂಬುದು ಹಿಡಿತ ತಪ್ಪಿದ್ದರ ಸೂಚನೆ. ಬೇಸಿಗೆಯಲ್ಲಿ ಅದೇ ನೆಲ ಬಿರುಕುಬಿಟ್ಟು, ಟ್ರ್ಯಾಕ್ಟರ್ ಮತ್ತು ಚಕ್ಕಡಿಗಳ ಜಾಡು ಸುಟ್ಟ ಇಟ್ಟಿಗೆಯಂತೆ ಗಡುಸಾಗುತ್ತದೆ. ಜಾಡಿನ ಅಂಚಿಗೆ ಗಾಲಿ ತಗುಲಿದಾಗ ಏಟು ಸ್ಟಿಯರಿಂಗಿನವರೆಗೂ ಮರಳಿ ಬರುತ್ತದೆ. ಸ್ಟಿಯರಿಂಗಿನ ಒದೆತವೆನ್ನಬಹುದಾದ ಈ ಹಿಂದೇಟಿಗೆ ಅಂಜಿಯೇ ಹಳೆಯ ಜೀಪಿನ ಚಾಲಕರು ಹೆಬ್ಬೆರಳನ್ನು ಚಕ್ರದ ಒಳಗೆ ಸುತ್ತದೆ ಹೊರಗೇ ಇಡುವ ರೂಢಿ ಮಾಡಿಕೊಂಡದ್ದು. ಸ್ಟಿಯರಿಂಗಿನ ಶ್ರಮವನ್ನು ಅಳೆಯುವುದಾದರೆ ಈ ಒದೆತದಿಂದಲೇ ಅಳೆಯಬೇಕು.

1985ರ ಡಿಸೆಂಬರಿನಲ್ಲಿ ಮಾರುಕಟ್ಟೆಗೆ ಬಂದ ಮಾರುತಿ ಜಿಪ್ಸಿಯಲ್ಲಿ ಈ ಒದೆತ ಮುಚ್ಚುಮರೆಯಿಲ್ಲದೆ ಕೈಗೆ ತಲುಪುತ್ತದೆ, ಏಕೆಂದರೆ ಅದಕ್ಕೆ ಪವರ್ ಸ್ಟಿಯರಿಂಗ್ ಇಲ್ಲ. ಗಾಡಿಯ ತೂಕ ಸಾವಿರ ಕಿಲೋದ ಆಸುಪಾಸಿನಲ್ಲಿರುವುದರಿಂದಷ್ಟೇ ತೋಳು ಸೋಲುವುದಿಲ್ಲ. ಒದ್ದೆ ಎರೆಯಲ್ಲಿ ಮುಂದಿನ ಗಾಲಿ ಹಿಡಿತ ಬಿಟ್ಟ ಕ್ಷಣವೇ ಚಾಲಕನಿಗೆ ಅದರ ಅರಿವಾಗುವುದು ಈ ಕೊರತೆಯ ಲಾಭವೇ ಸರಿ. 2020ರ ಅಕ್ಟೋಬರ್ 2ರಂದು ಬಿಡುಗಡೆಯಾದ ಎರಡನೆಯ ತಲೆಮಾರಿನ ಮಹೀಂದ್ರ ಥಾರ್‌ನಲ್ಲಿ ಎಣ್ಣೆಯ ಒತ್ತಡದಿಂದ ನೆರವು ನೀಡುವ ಹೈಡ್ರಾಲಿಕ್ ಪವರ್ ಸ್ಟಿಯರಿಂಗ್ ಇದ್ದು, ಅದು ಶ್ರಮವನ್ನು ತಗ್ಗಿಸುವುದರ ಜೊತೆಗೆ ಏಟಿನ ಒಂದು ಪಾಲನ್ನು ದಾರಿಯಲ್ಲೇ ನುಂಗುತ್ತದೆ. ನೆಲದ ಸುದ್ದಿಯೂ ಅಷ್ಟರಮಟ್ಟಿಗೆ ಮಸುಕಾಗಿ ಬರುತ್ತದೆ. 2023ರ ಐದು ಬಾಗಿಲಿನ ಮಾರುತಿ ಜಿಮ್ನಿಯದು ಮಧ್ಯಮ ದಾರಿ: ವಿದ್ಯುತ್ ಮೋಟರಿನ ನೆರವಿನೊಂದಿಗೆ, ಏಟನ್ನು ತಡೆಯಲೆಂದೇ ಸ್ಟಿಯರಿಂಗ್ ಸಲಾಕೆಗೆ ಅಡ್ಡಲಾಗಿ ಒಂದು ಡ್ಯಾಂಪರನ್ನು, ಎಂದರೆ ಶಾಕ್ ಅಬ್ಸಾರ್ಬರಿನ ತಮ್ಮನಂಥ ಕೊಳವೆಯನ್ನು, ಅದರಲ್ಲಿ ಜೋಡಿಸಲಾಗಿದೆ. ಹೆದ್ದಾರಿಯಲ್ಲಿ ಈ ಸ್ಟಿಯರಿಂಗ್ ತುಸು ಮಂದವೆನಿಸಿದರೂ, ಒಣಗಿದ ಎರೆಯ ಜಾಡಿಗೆ ಇದೇ ಹೆಚ್ಚು ಒಪ್ಪುವ ಏರ್ಪಾಟು.

ಸವಾರಿಯ ಸುಖದ ಲೆಕ್ಕ ಇದಕ್ಕಿಂತ ಜಟಿಲವಾದದ್ದು. ಕುಳಿತ ಮನುಷ್ಯನ ದೇಹಕ್ಕೆ ತಾಗುವ ಕಂಪನದ ಕುರಿತ ಅಂತರರಾಷ್ಟ್ರೀಯ ಮಾನಕವಾದ ಐಎಸ್‌ಒ 2631ರ ಪ್ರಕಾರ, ಮೇಲೆ-ಕೆಳಗಿನ ಕುಲುಕಾಟ ಸೆಕೆಂಡಿಗೆ ಸುಮಾರು 4ರಿಂದ 8 ಬಾರಿ ಆದಾಗ, ಅಡ್ಡಡ್ಡ ತೂಗಾಟವಾದರೆ 1ರಿಂದ 2 ಬಾರಿ ಆದಾಗ ದೇಹ ಹೆಚ್ಚು ನೋಯುತ್ತದೆ. ಗರಸಿನ ರಸ್ತೆಯಲ್ಲಿ ಮುಕ್ಕಾಲು ಮೀಟರಿಗೊಂದರಂತೆ ಎದ್ದ ಅಲೆಗಳ ಮೇಲೆ ಗಂಟೆಗೆ 16 ಕಿಲೋಮೀಟರಿನಂತೆ ಸಾಗುವ ಗಾಡಿ ಸೆಕೆಂಡಿಗೆ ಸುಮಾರು ಆರು ಬಾರಿ ಕುಲುಕುತ್ತದೆ, ಎಂದರೆ ಮೈಗೆ ಆಗದ ವೇಗದಲ್ಲೇ ಸರಿಯಾಗಿ ಸಿಕ್ಕಿಬೀಳುತ್ತದೆ. ಹುಷಾರಾಗಿ ನಿಧಾನಕ್ಕೆ ಹೋದವನಿಗೇ ಸೊಂಟನೋವು ಹೆಚ್ಚಾಗುವ ವಿಚಿತ್ರಕ್ಕೆ ಇದು ಕಾರಣ. ಗ್ಯಾರೇಜುಗಳಲ್ಲಿ ಕಮಾನ್ ಪಟ್ಟಿ ಎನ್ನುವ ಉಕ್ಕಿನ ಪಟ್ಟಿಗಳ ಕಟ್ಟನ್ನೇ ಹಿಂದೆ-ಮುಂದೆ ಹೊತ್ತ ಜಿಪ್ಸಿಯಲ್ಲಿ, ಪಟ್ಟಿಗಳು ಒಂದಕ್ಕೊಂದು ಉಜ್ಜುವ ಘರ್ಷಣೆಯಿಂದಾಗಿ ಸಣ್ಣ ಅಲೆಗಳಿಗೆ ಸ್ಪ್ರಿಂಗ್ ಬಾಗುವುದೇ ಅಪರೂಪವಾಗಿ, ಕುಲುಕಾಟವೆಲ್ಲ ನೇರವಾಗಿ ಬೆನ್ನಿಗೆ ಬರುತ್ತದೆ. ಸುರುಳಿ ಸ್ಪ್ರಿಂಗಿನ ಗಾಡಿಗಳು ಇಲ್ಲಿ ನಿಸ್ಸಂಶಯವಾಗಿ ಮೇಲು.

ಬಾದಾಮಿ ಸೀಮೆಯ ಕಲ್ಲುದಾರಿಗಳಲ್ಲಿ ಅಲೆಗಳ ಬದಲು ಒಂದೊಂದೇ ಬಂಡೆ ಎದುರಾಗುವುದರಿಂದ ಅಡ್ಡ ತೂಗಾಟದ ಪ್ರಶ್ನೆ ಏಳುತ್ತದೆ. (ಚಾಲುಕ್ಯರ ಸ್ಮಾರಕಗಳ ಸುತ್ತಲಿನ ಬಂಡೆಗಳು ಗಾಲಿ ಹತ್ತಿಸುವುದಕ್ಕಲ್ಲ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.) ಎಡ-ಬಲ ಗಾಲಿಗಳನ್ನು ಒಂದೇ ಗಟ್ಟಿ ಅಚ್ಚಿಗೆ ಬಿಗಿದಿರುವ ಜಿಮ್ನಿಯಲ್ಲಿ ಒಂದು ಗಾಲಿ ಬಂಡೆಯನ್ನೇರಿದರೆ ಅಚ್ಚು ಇಡಿಯಾಗಿ ಓರೆಯಾಗಿ ಕುಳಿತವರ ತಲೆ ಅತ್ತಿತ್ತ ಹೊಯ್ದಾಡುತ್ತದೆ, ಮುಂದಿನ ಎರಡು ಗಾಲಿಗಳೂ ಸ್ವತಂತ್ರವಾಗಿ ಏರಿಳಿಯುವ ಥಾರ್‌ನಲ್ಲಿ ಈ ಹೊಯ್ದಾಟ ಅಷ್ಟಿಲ್ಲ. ಆದರೆ ಗಟ್ಟಿ ಅಚ್ಚು ಗಾಲಿಯೊಂದಿಗೆ ತಾನೂ ಮೇಲೇಳುವುದರಿಂದ ಅದರ ನಡುವಿನ, ಎಡ-ಬಲ ಗಾಲಿಗಳಿಗೆ ಬಲ ಹಂಚುವ ಡಿಫರೆನ್ಷಿಯಲ್ ಗುಂಡು ಬಂಡೆಗೆ ತಾಗುವ ಸಂಭವ ಕಡಿಮೆ. ಥಾರ್‌ನಲ್ಲಿ ಮುಂದಿನ ಗುಂಡು ಚೌಕಟ್ಟಿಗೆ ಅಂಟಿಕೊಂಡಿದ್ದು, ಸ್ಪ್ರಿಂಗ್ ಕುಸಿದಾಗ ಕಲ್ಲಿಗೆ ಹತ್ತಿರವಾಗುತ್ತದೆ. ಹಿಂದಿನ ಸೀಟಿನ ವಿಚಾರಕ್ಕೆ ಬಂದರೆ, ಹಿಂದಿನ ಅಚ್ಚಿನ ಮೇಲೆಯೇ ಅಡ್ಡ ಬೆಂಚು ಹಾಕಿದ ಗಾಡಿಗಳಲ್ಲಿ ಸುಖದ ಮಾತೇ ಎತ್ತುವಂತಿಲ್ಲ.

ಟೈರಿನ ಗಾಳಿ ಇಳಿಸುವುದರಿಂದ ಸುಖ ಹೆಚ್ಚುತ್ತದೆ, ಆದರೆ ನೆಲಕ್ಕೆ ತಾಗುವ ರಬ್ಬರು ಹರಡಿಕೊಂಡು ಸ್ಟಿಯರಿಂಗ್ ಭಾರವಾಗುತ್ತದೆ. ಹ್ಯಾಂಡಲ್ ಹಿಡಿದು ಓಡಿಸುವ, ರೆಸಾರ್ಟುಗಳಲ್ಲಿ ಕಾಣುವ ನಾಲ್ಕು ಗಾಲಿಯ ಎಟಿವಿಗಳು ಮೆತ್ತಗೆ ಓಡುವುದು ಬಹುಪಾಲು ಐದಾರು ಪಿಎಸ್‌ಐಯಷ್ಟು ಕಡಿಮೆ ಗಾಳಿಯ ಉಬ್ಬಿದ ಟೈರುಗಳ ಬಲದಿಂದಲೇ. ಇಳಕಲ್ಲಿನ ಖಣಿ ದಾರಿಗಳಿಗೆ ಈ ಉಪಾಯ ಸಲ್ಲದು. ಅಲ್ಲಿನ ಗ್ರಾನೈಟ್ ಚೂರುಗಳ ಅಂಚು ಹರಿತವಾಗಿರುವುದರಿಂದ, ಗಾಳಿ ಇಳಿಸಿ ಹೊರಗೆ ಉಬ್ಬಿದ ಟೈರಿನ ಪಕ್ಕೆ ಮೊದಲು ಹರಿಯುತ್ತದೆ. ಆದ್ದರಿಂದ ಗಾಳಿಯನ್ನು ಪೂರ್ತಿ ಇಟ್ಟುಕೊಂಡು, ಎಂಜಿನ್ನಿನ ಬಲವನ್ನು ಮುಂದಿನ-ಹಿಂದಿನ ಅಚ್ಚುಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿನ ಲೋ ಗೇರಿನಲ್ಲಿ ನಡಿಗೆಯ ವೇಗಕ್ಕೆ ಇಳಿದು, ಕುಲುಕಾಟವನ್ನು ಸಹಿಸಿಕೊಳ್ಳುವುದೇ ಅಲ್ಲಿ ಉಳಿಯುವ ಮಾರ್ಗ.