730 ದಿನಗಳ ಔದಾರ್ಯ: ಶಿಶುಪಾಲನಾ ರಜೆಯ ನಿಯಮವನ್ನು ಕುರಿತು

ಕೇಂದ್ರ ನಾಗರಿಕ ಸೇವಾ ರಜಾ ನಿಯಮಗಳಲ್ಲಿ 43-ಸಿ ಎಂಬ ಸಂಖ್ಯೆ ಹೊತ್ತಿರುವ ಶಿಶುಪಾಲನಾ ರಜೆಯ ನಿಯಮವು ಮಕ್ಕಳ ಪಾಲನೆಗಾಗಿ ಮಹಿಳಾ ನೌಕರರಿಗೆ ಇಡೀ ಸೇವಾವಧಿಯಲ್ಲಿ ಒಟ್ಟು 730 ದಿನಗಳ ಸಂಬಳಸಹಿತ ರಜೆಯನ್ನು ಒದಗಿಸುತ್ತದೆ. ಆರನೆಯ ವೇತನ ಆಯೋಗದ ಶಿಫಾರಸಿನ ಮೇರೆಗೆ 2008ರಲ್ಲಿ ಜಾರಿಗೆ ಬಂದ ಈ ನಿಯಮಕ್ಕೆ ದೊರೆತಿರುವ ಮನ್ನಣೆ ಸಣ್ಣದಲ್ಲ. ವಿಕಲಚೇತನ ಮಗುವನ್ನು ಸಾಕುತ್ತಿರುವ ತಾಯಿಯೊಬ್ಬಳು ಒತ್ತಡದ ಉದ್ಯೋಗದಲ್ಲಿ ಮುಂದುವರಿಯಬೇಕೋ ರಾಜೀನಾಮೆ ಕೊಡಬೇಕೋ ಎಂದು ತೊಳಲಾಡುವ ಸ್ಥಿತಿಗೆ ಈ ದೇಶ ಕಂಡುಕೊಂಡಿರುವ ಅತ್ಯುತ್ತಮ ಪರಿಹಾರ ಇದೇ ಎಂಬ ಮಾತು, 2024ರ ಏಪ್ರಿಲ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ನೀಡಿದ ಆದೇಶದ ಬಳಿಕ, ಹೆಚ್ಚುಕಡಿಮೆ ಸರ್ವಸಮ್ಮತವಾಗಿದೆ. ಆ ಕೀರ್ತಿ ನಿಯಮದ ಯೋಗ್ಯತೆಗಿಂತ ದೊಡ್ಡದು, ಮತ್ತು ದೋಷವಿರುವುದು ಅದರ ಜಿಪುಣತನದಲ್ಲಲ್ಲ, ಅದರ ಅಳತೆಗೋಲಿನಲ್ಲಿ ಎಂಬುದು ಪ್ರಸ್ತುತ ಲೇಖನದ ವಾದ.

ಹಿನ್ನೆಲೆಯನ್ನು ದೀರ್ಘವಾಗಿ ವಿವರಿಸುವ ಅಗತ್ಯವಿಲ್ಲ. ರಜೆಯನ್ನು ಒಂದೇ ಸಮನೆ ಎರಡು ವರ್ಷ ಪಡೆಯಬಹುದೆಂದು ಸರ್ವೋಚ್ಚ ನ್ಯಾಯಾಲಯ 2014ರಲ್ಲಿ ಹೇಳಿತು. 2018ರ ತಿದ್ದುಪಡಿಯು ಪತ್ನಿಯಿಲ್ಲದೆ ಮಕ್ಕಳನ್ನು ಸಾಕುವ ಪುರುಷ ನೌಕರರನ್ನೂ ಒಳಗೆ ತಂದಿತು, ವಿಕಲಚೇತನ ಮಕ್ಕಳಿಗಿದ್ದ 22 ವರ್ಷಗಳ ವಯೋಮಿತಿಯನ್ನು ತೆಗೆದುಹಾಕಿತು, ಮೊದಲ 365 ದಿನಗಳಿಗೆ ಪೂರ್ಣ ಸಂಬಳ, ಉಳಿದ 365 ದಿನಗಳಿಗೆ ಶೇ. 80ರಷ್ಟು ಸಂಬಳ ಎಂದು ಗೊತ್ತುಪಡಿಸಿತು. ಕರ್ನಾಟಕ ಸರ್ಕಾರವೂ 2021ರಲ್ಲಿ ತನ್ನ ಮಹಿಳಾ ನೌಕರರಿಗೆ ಆರು ತಿಂಗಳ ಶಿಶುಪಾಲನಾ ರಜೆಯನ್ನು ಘೋಷಿಸಿತು. 2024ರ ಪ್ರಕರಣದಲ್ಲಿ ಅರ್ಜಿದಾರರು ಹಿಮಾಚಲ ಪ್ರದೇಶದ ಸರ್ಕಾರಿ ಕಾಲೇಜೊಂದರ ಭೂಗೋಳದ ಸಹಾಯಕ ಪ್ರಾಧ್ಯಾಪಕಿ. ಮೂಳೆಗಳು ಹುಟ್ಟಿನಿಂದಲೇ ದುರ್ಬಲವಾಗಿದ್ದು ಸಣ್ಣ ಏಟಿಗೂ ಮುರಿಯುವ ಆಸ್ಟಿಯೊಜೆನೆಸಿಸ್ ಇಂಪರ್ಫೆಕ್ಟಾ ಎಂಬ ಆನುವಂಶಿಕ ಕಾಯಿಲೆಯಿದ್ದ ಮಗನ ಚಿಕಿತ್ಸೆಗಾಗಿ ಇದ್ದ ರಜೆಗಳನ್ನೆಲ್ಲ ಅವರು ಮುಗಿಸಿದ್ದರು, ಆ ರಾಜ್ಯವಾದರೋ 43-ಸಿಯನ್ನು ಅಳವಡಿಸಿಕೊಂಡಿರಲಿಲ್ಲ. ಮಹಿಳೆಯರು ಉದ್ಯೋಗದಲ್ಲಿ ಪಾಲ್ಗೊಳ್ಳುವುದು ಯಾರೋ ಕರುಣಿಸುವ ಸವಲತ್ತಲ್ಲ, ಸಂವಿಧಾನವೇ ಅಪೇಕ್ಷಿಸುವ ಸಂಗತಿ ಎಂದು ನ್ಯಾಯಪೀಠ ಹೇಳಿ, ರಾಜ್ಯದ ನೀತಿಯನ್ನು ಮರುಪರಿಶೀಲಿಸಲು ಸಮಿತಿಯೊಂದನ್ನು ರಚಿಸುವಂತೆ ನಿರ್ದೇಶಿಸಿತು. ಆ ತತ್ತ್ವದ ಬಗ್ಗೆ ತಕರಾರಿಲ್ಲ. ತಕರಾರಿರುವುದು, ತತ್ತ್ವದ ಗೌರವವನ್ನೆಲ್ಲ ನಿಯಮದ ಖಾತೆಗೆ ಜಮಾ ಮಾಡಿಬಿಟ್ಟ ಮೆಚ್ಚುಗೆಯ ಬಗ್ಗೆ.

ನಿಯಮದ ತಿರುಳು ಅಡಗಿರುವುದು 730 ಎಂಬ ಪ್ರಖ್ಯಾತ ಸಂಖ್ಯೆಯಲ್ಲಲ್ಲ. ಅದರ ಕೆಳಗಿರುವ ಎರಡು ಸಣ್ಣ ಷರತ್ತುಗಳಲ್ಲಿ. ಒಂದನೆಯದು, ಒಂದು ಕ್ಯಾಲೆಂಡರ್ ವರ್ಷದಲ್ಲಿ ಈ ರಜೆಯನ್ನು ಮೂರಕ್ಕಿಂತ ಹೆಚ್ಚು ಕಂತುಗಳಲ್ಲಿ ಕೊಡತಕ್ಕದ್ದಲ್ಲ ಎಂಬುದು. ಒಂಟಿ ತಾಯಂದಿರಿಗೆ ಮಾತ್ರ ಈ ಮಿತಿ ಆರು ಕಂತುಗಳವರೆಗೆ ಸಡಿಲವಾಗಿದೆ. ಎರಡನೆಯದು, ಒಂದು ಕಂತು ಐದು ದಿನಗಳಿಗಿಂತ ಕಡಿಮೆ ಇರಕೂಡದು ಎಂಬುದು. ಈ ಕನಿಷ್ಠ ಮಿತಿಗೆ ಒಂದು ಚರಿತ್ರೆಯಿದೆ: 2010ರಲ್ಲಿ ಅದನ್ನು 15 ದಿನ ಎಂದು ವಿಧಿಸಲಾಯಿತು, 2014ರಲ್ಲಿ ಕೈಬಿಡಲಾಯಿತು, ಕೆಲವು ವರ್ಷಗಳ ನಂತರ ಐದು ದಿನಗಳ ರೂಪದಲ್ಲಿ ಮತ್ತೆ ತರಲಾಯಿತು. ಇದಲ್ಲದೆ, ಗಳಿಕೆ ರಜೆಯಲ್ಲಿ ಇರುವಂತೆಯೇ, ರಜೆಯ ನಡುವೆ ಬರುವ ಶನಿವಾರ, ಭಾನುವಾರ, ಹಬ್ಬದ ದಿನಗಳೂ ಈ ರಜೆಯ ಲೆಕ್ಕಕ್ಕೇ ಸೇರುತ್ತವೆ. ಇವೆಲ್ಲವನ್ನೂ ಕೂಡಿಸಿ ಓದಿದಾಗ ನಿಯಮವು ಮನಸ್ಸಿನಲ್ಲಿಟ್ಟುಕೊಂಡಿರುವ ಮಗು ಯಾವುದು ಎಂಬುದು ತಿಳಿಯುತ್ತದೆ. ಅದು ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರುವ ಮಗು, ಟೈಫಾಯ್ಡ್ ಬಂದು ಹದಿನೈದು ದಿನ ಮಲಗುವ ಮಗು, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ತಿಂಗಳೊಪ್ಪತ್ತಿನಲ್ಲಿ ಚೇತರಿಸಿಕೊಳ್ಳುವ ಮಗು. ಅದರ ಅಗತ್ಯ ಇಡುಗಂಟಾಗಿ ಬರುತ್ತದೆ ಮತ್ತು ಬಂದಷ್ಟೇ ಖಚಿತವಾಗಿ ಮುಗಿಯುತ್ತದೆ.

ವಿಕಲಚೇತನ ಮಗುವಿನ ಅಗತ್ಯ ಆ ಬಗೆಯದಲ್ಲ. ಮೆದುಳಿಗೆ ಬಿದ್ದ ಪೆಟ್ಟಿನಿಂದ ಸ್ನಾಯುಗಳು ಬಿಗಿದುಕೊಳ್ಳುವ ಸೆರೆಬ್ರಲ್ ಪಾಲ್ಸಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಬೆಳಿಗ್ಗೆ ಎದ್ದ ಕೂಡಲೇ ಮೀನಖಂಡವನ್ನೂ ತೊಡೆಯ ಹಿಂಬದಿಯನ್ನೂ ನಿಧಾನವಾಗಿ ಎಳೆದು ಸಡಿಲಿಸಬೇಕು, ಇಲ್ಲವಾದರೆ ಪಾದಕ್ಕೆ ಕಟ್ಟುವ ಸ್ಪ್ಲಿಂಟ್ ಕೂರುವುದಿಲ್ಲ. ನುಂಗಲು ತೊಡಕಿದ್ದರೆ ಗಂಜಿಯನ್ನು ಹದವಾಗಿ ಗಟ್ಟಿಮಾಡಿ, ಕತ್ತು ಹಿಂದಕ್ಕೆ ಬಾಗದಂತೆ ಹಿಡಿದು, ಚಮಚ ಚಮಚವಾಗಿ ಉಣಿಸಬೇಕು, ಅವಸರ ಮಾಡಿದರೆ ಅನ್ನ ಶ್ವಾಸನಾಳಕ್ಕೆ ಇಳಿಯುತ್ತದೆ. ವಾರದಲ್ಲಿ ಎರಡು ಮೂರು ದಿನ ಫಿಸಿಯೊಥೆರಪಿಗೂ ಸ್ಪೀಚ್ ಥೆರಪಿಗೂ ಕರೆದೊಯ್ಯಬೇಕು, ಅಲ್ಲಿ ಹೇಳಿಕೊಟ್ಟದ್ದನ್ನು ಮನೆಯಲ್ಲಿ ದಿನವೂ ಮಾಡಿಸಬೇಕು. ಥೆರಪಿಯ ವ್ಯವಸ್ಥೆಯಾದರೂ ತಾಯಿ ಉದ್ಯೋಗಸ್ಥೆಯಲ್ಲ ಎಂಬ ಗ್ರಹಿಕೆಯ ಮೇಲೆಯೇ ನಿಂತಿದೆ. ಕಿವುಡು ಮಗುವಿನ ಜೊತೆ ತಾಯಿಯನ್ನೂ ತರಗತಿಯಲ್ಲಿ ಕೂರಿಸಿ ಕಲಿಸುವ, ಮೈಸೂರಿನಲ್ಲಿ ಬಹುಕಾಲದಿಂದ ನಡೆದು ಬಂದಿರುವ ಪದ್ಧತಿಯು ಮಗುವಿನ ಮಾತಿನ ಬೆಳವಣಿಗೆಗೆ ಎಷ್ಟು ಉಪಕಾರಿಯೋ ತಾಯಿಯ ಸಂಬಳಕ್ಕೆ ಅಷ್ಟೇ ಅಪಕಾರಿ. ಒಟ್ಟಿನಲ್ಲಿ ಈ ಆರೈಕೆಯ ಮಾನ ದಿನವಲ್ಲ, ಗಂಟೆ. ಅದು ದಿನದಲ್ಲಿ ಎರಡು ಗಂಟೆಯನ್ನು ಕೇಳುತ್ತದೆ, ಆದರೆ ಹತ್ತು, ಹದಿನೈದು, ಇಪ್ಪತ್ತು ವರ್ಷ ಕೇಳುತ್ತಲೇ ಇರುತ್ತದೆ.

ಎರಡು ಗಂಟೆ ಬೇಕಾದವರಿಗೆ ಕನಿಷ್ಠ ಐದು ದಿನಗಳನ್ನು, ಅದೂ ವರ್ಷಕ್ಕೆ ಮೂರೇ ಸಲ ಕೊಡುವ ನಿಯಮವು ಬಿಂದಿಗೆ ನೀರು ಕೇಳಿದವರಿಗೆ ವರ್ಷಕ್ಕೆ ಮೂರು ಸಲ ಕೆರೆಯ ತೂಬು ತೆಗೆದು ತೋರಿಸಿದಂತಿದೆ. ಲೆಕ್ಕ ಹಾಕಿ ನೋಡಿದರೆ ಈ ವಿಪರ್ಯಾಸ ಇನ್ನೂ ಸ್ಪಷ್ಟವಾಗುತ್ತದೆ. ನಡುವಿನ ರಜಾದಿನಗಳನ್ನು ಒಳಗೊಂಡ 730 ದಿನಗಳೆಂದರೆ 104 ವಾರಗಳು. ವಾರಕ್ಕೆ ಐದು ದಿನ, ದಿನಕ್ಕೆ ಎಂಟು ಗಂಟೆಯ ಕೆಲಸವೆಂದು ಇಟ್ಟುಕೊಂಡರೆ 4,160 ಗಂಟೆಗಳು. ವಾರಕ್ಕೆ ಮೂರು ದಿನ ತಲಾ ಎರಡು ಗಂಟೆಯಂತೆ ಆರು ಗಂಟೆಗಳನ್ನು, ಅಂದರೆ ವರ್ಷಕ್ಕೆ 312 ಗಂಟೆಗಳನ್ನು ಇದರಿಂದ ಕಳೆಯುತ್ತ ಹೋದರೆ ಅದೇ ರಜೆ 13 ವರ್ಷಕ್ಕೂ ಮಿಗಿಲಾಗಿ ಬಾಳುತ್ತದೆ. ಬೊಕ್ಕಸಕ್ಕೆ ಒಂದು ಪೈಸೆಯ ಹೊಸ ಹೊರೆಯೂ ಇಲ್ಲದೆ, ಮೂರು ವರ್ಷದ ಮಗು ಹದಿನಾರು ದಾಟುವವರೆಗೆ ತಾಯಿಯನ್ನು ಉದ್ಯೋಗದಲ್ಲಿ ಉಳಿಸಬಲ್ಲ ಮೊತ್ತವನ್ನು ನಿಯಮವು ಎರಡು ವರ್ಷಗಳಲ್ಲಿ ಖರ್ಚಾಗುವಂತೆ ಕಟ್ಟಿಟ್ಟಿದೆ.

ಗಂಟೆಗಳ ಲೆಕ್ಕ ಇಡುವುದು ಕಚೇರಿಗಳಿಗೆ ಆಗದ ಕೆಲಸ ಎಂಬ ಸಮಾಧಾನ ಇಲ್ಲಿ ನಿಲ್ಲುವುದಿಲ್ಲ. ಬಯೋಮೆಟ್ರಿಕ್ ಹಾಜರಾತಿಯ ಯಂತ್ರ ನಿಮಿಷಗಳನ್ನೂ ಬಿಡದೆ ದಾಖಲಿಸುತ್ತದೆ. ತಡವಾಗಿ ಬಂದ ನೌಕರರ ಸಾಂದರ್ಭಿಕ ರಜೆಯಿಂದ ಅರ್ಧ ದಿನವನ್ನು ಕಡಿತ ಮಾಡಬೇಕೆಂದೂ, ಸಕಾರಣವಿದ್ದಲ್ಲಿ ಒಂದು ಗಂಟೆಯವರೆಗಿನ ವಿಳಂಬವನ್ನು ತಿಂಗಳಿಗೆ ಎರಡು ಸಲ ಮಾತ್ರ ಮನ್ನಿಸಬಹುದೆಂದೂ ಕೇಂದ್ರದ ಆದೇಶಗಳಿವೆ. ದಂಡಿಸುವಾಗ ಗಂಟೆಯನ್ನು ಎಣಿಸಬಲ್ಲ ಆಡಳಿತವು ಕೊಡುವಾಗ ಮಾತ್ರ ದಿನಕ್ಕಿಂತ ಸಣ್ಣ ಮಾನವನ್ನು ಕಾಣಲಾರದು ಎಂದರೆ ಅದು ಸಾಮರ್ಥ್ಯದ ಕೊರತೆಯಲ್ಲ. ಮಂಜೂರಾತಿಯ ಷರತ್ತೂ ಇದೇ ಮನೋಧರ್ಮದ್ದು: ಈ ರಜೆಯನ್ನು ಹಕ್ಕಾಗಿ ಕೇಳುವಂತಿಲ್ಲ, ಮೇಲಧಿಕಾರಿಯ ಪೂರ್ವಾನುಮತಿಯಿಲ್ಲದೆ ಹೋಗುವಂತಿಲ್ಲ. ರಜೆಯಲ್ಲಿ ಹೋದವರ ಜಾಗಕ್ಕೆ ಬದಲಿ ನೌಕರರನ್ನು ಕೊಡುವ ಮಾತು ನಿಯಮದಲ್ಲಿಲ್ಲವಾದ್ದರಿಂದ ಕಡತಗಳು ಸಹೋದ್ಯೋಗಿಗಳ ಮೇಜಿಗೆ ಸರಿಯುತ್ತವೆ, ಅವರ ಮುನಿಸು ಹಿಂದಿರುಗಿದವರ ಮೇಲೆ ಕುಳಿತುಕೊಳ್ಳುತ್ತದೆ. ಉದ್ಯೋಗದ ಒತ್ತಡಕ್ಕೆ ಪರಿಹಾರವೆನಿಸಿದ ರಜೆಯೇ ಒತ್ತಡದ ಇನ್ನೊಂದು ಮೂಲವಾಗುವುದು ಹೀಗೆ.

ಈ ನಿಯಮವನ್ನು ಟೀಕಿಸಿದವರೇ ಇಲ್ಲವೆಂದಲ್ಲ. ಟೀಕೆಗಳಲ್ಲಿ ಎರಡು ಪಂಗಡಗಳಿವೆ, ಎರಡೂ ಬೇರೆ ಬೇರೆ ರೀತಿಯಲ್ಲಿ ಗುರಿ ತಪ್ಪಿವೆ. ಮೊದಲನೆಯದು ದುರುಪಯೋಗದ ದೂರು: ಶಿಕ್ಷಕಿಯರು ತಿಂಗಳುಗಟ್ಟಲೆ ರಜೆ ಹಾಕುವುದರಿಂದ ಶಾಲೆಗಳು ಬಡವಾಗುತ್ತವೆ ಎಂಬ ಮಾತು. ಕಂತು ಮತ್ತು ಕನಿಷ್ಠ ಮಿತಿಗಳನ್ನು ತಂದದ್ದು ಇಂಥ ಆತಂಕಗಳೇ, ಆದರೆ ಕಡಿಮೆ ಬೇಕಾದವರೂ ಹೆಚ್ಚು ತೆಗೆದುಕೊಳ್ಳಲೇಬೇಕೆಂದು ಒತ್ತಾಯಿಸುವ ಷರತ್ತಿನಿಂದ ದುರುಪಯೋಗ ಕಡಿಮೆಯಾಗುವುದು ಹೇಗೆ ಎಂಬ ಪ್ರಶ್ನೆಯನ್ನು ಆ ಟೀಕಾಕಾರರು ಎತ್ತಿದಂತಿಲ್ಲ.

ಎರಡನೆಯ ಪಂಗಡ ಹೆಚ್ಚು ಗಂಭೀರವಾದದ್ದು. ರಜೆಯನ್ನು ತಾಯಂದಿರಿಗೂ ಒಂಟಿ ತಂದೆಯರಿಗೂ ಮಾತ್ರ ಸೀಮಿತಗೊಳಿಸುವ ಮೂಲಕ ನಿಯಮವು ಆರೈಕೆಯನ್ನು ಹೆಣ್ಣಿನ ಕರ್ಮವೆಂದು ಖಾಯಂಗೊಳಿಸುತ್ತದೆ ಎಂಬುದು ಸ್ತ್ರೀವಾದಿ ವಿಮರ್ಶೆಯ ಆಕ್ಷೇಪ. ಆಕ್ಷೇಪ ಸರಿಯಾದದ್ದೇ. ಹೆಂಡತಿ ಬದುಕಿರುವವರೆಗೆ ಗಂಡನಿಗೆ ಆರೈಕೆಯ ಹೊಣೆಯಿಲ್ಲ ಎಂದು ಸರ್ಕಾರವೇ ಬರೆದುಕೊಟ್ಟಂತೆ ಇದು ಕಾಣುತ್ತದೆ. ಆದರೆ ಈ ವಿಮರ್ಶೆ ಅರ್ಹತೆಯ ಪ್ರಶ್ನೆಯಲ್ಲೇ ನಿಂತುಬಿಟ್ಟಿದೆ. ರಜೆ ಯಾರಿಗೆ ಎಂದು ಕೇಳಿದಷ್ಟು ಒತ್ತಾಯದಿಂದ ಅದು ರಜೆ ಯಾವ ಆಕಾರದ್ದು ಎಂದು ಕೇಳಿಲ್ಲ. ನಾಳೆ ತಂದೆಯರೆಲ್ಲರನ್ನೂ ಸೇರಿಸಿದರೂ ಐದು ದಿನಗಳ ಷರತ್ತು ಉಳಿದರೆ ಬೆಳಗಿನ ಎರಡು ಗಂಟೆ ಯಾರಿಗೂ ಸಿಗುವುದಿಲ್ಲ. ಸಿಗದಿದ್ದಾಗ ಮನೆಯಲ್ಲಿ ಯಾರ ಸಂಬಳ ಕಡಿಮೆಯೋ ಅವರು ಕೆಲಸ ಬಿಡುತ್ತಾರೆ, ಮತ್ತು ಅವರು ಯಾರೆಂಬುದು ಗುಟ್ಟೇನಲ್ಲ. ದಿನದ ಮಾನವನ್ನು ಒಪ್ಪಿಕೊಂಡು ಲಿಂಗ ಸಮಾನತೆಯನ್ನು ಬೇಡುವ ವಿಮರ್ಶೆ, ತಾನು ವಿರೋಧಿಸುವ ಫಲಿತಾಂಶಕ್ಕೇ ಬಾಗಿಲು ತೆರೆದಿಡುತ್ತದೆ. ಅರ್ಹತೆಯ ವಾದ ಬರೆಯಲು ಸುಲಭ, ಏಕೆಂದರೆ ಅದಕ್ಕೆ ನಿಯಮದ ಮೊದಲ ವಾಕ್ಯವನ್ನು ಓದಿದರೆ ಸಾಕು. ಆಕಾರದ ವಾದಕ್ಕೆ ಷರತ್ತುಗಳನ್ನು ಒಂದೊಂದಾಗಿ ಆರೈಕೆಯ ದಿನಚರಿಯ ಪಕ್ಕದಲ್ಲಿಟ್ಟು ನೋಡಬೇಕಾಗುತ್ತದೆ.

ಕೆಲಸ ಬಿಡುವುದೆಂದರೆ ಏನು ಎಂಬುದನ್ನೂ ಈ ಚರ್ಚೆಗಳು ಹಗುರವಾಗಿ ತೆಗೆದುಕೊಂಡಿವೆ. 2004ರ ಜನವರಿಗೆ ಮೊದಲು ಸೇವೆಗೆ ಸೇರಿದ ಕೇಂದ್ರ ನೌಕರರ ಪಿಂಚಣಿ ನಿಯಮಗಳ ಪ್ರಕಾರ ರಾಜೀನಾಮೆಯು ಹಿಂದಿನ ಸೇವೆಯನ್ನೆಲ್ಲ ಸಾಮಾನ್ಯವಾಗಿ ಅಳಿಸಿಹಾಕುತ್ತದೆ. 20 ವರ್ಷ ಪೂರೈಸಿದವರು ಮಾತ್ರ ಸ್ವಯಂ ನಿವೃತ್ತಿ ಪಡೆದು ಪಿಂಚಣಿಯನ್ನು ಉಳಿಸಿಕೊಳ್ಳಬಹುದು. ಅದೇ ವ್ಯವಸ್ಥೆಯಲ್ಲಿ, ಸ್ವಂತವಾಗಿ ಸಂಪಾದಿಸಲಾಗದ ವಿಕಲಚೇತನ ಮಗುವಿಗೆ ತಂದೆತಾಯಿಯರ ಕಾಲಾನಂತರ ಕುಟುಂಬ ಪಿಂಚಣಿಯು ಜೀವನಪರ್ಯಂತ ಸಲ್ಲುತ್ತದೆ. ‘ನಾವು ಹೋದ ಮೇಲೆ ಇವನನ್ನು ನೋಡಿಕೊಳ್ಳುವವರು ಯಾರು’ ಎಂದು ಇಂಥ ತಂದೆತಾಯಿಯರು ದಿನವೂ ಕೇಳಿಕೊಳ್ಳುವ ಪ್ರಶ್ನೆಗೆ ಸರ್ಕಾರಿ ಉದ್ಯೋಗ ಕೊಡುವ ಏಕೈಕ ಉತ್ತರ ಅದು. ಆದ್ದರಿಂದ ಹದಿನೆಂಟನೆಯ ವರ್ಷದ ಸೇವೆಯಲ್ಲಿ ರಾಜೀನಾಮೆ ಕೊಟ್ಟ ತಾಯಿಯು ಮಗುವಿನ ಇಂದಿಗಾಗಿ ಮಗುವಿನ ಮುಂದನ್ನು ಮಾರಿದಂತಾಗುತ್ತಿತ್ತು. 2004ರ ನಂತರ ಸೇರಿದವರ ಲೆಕ್ಕಾಚಾರ ಬೇರೆ. ಅಲ್ಲಿ ಕೂಡಿಟ್ಟ ಹಣ ಕೆಲಸ ಬಿಟ್ಟರೂ ಅವರದೇ, ಆದರೆ ಅದು ಬೆಳೆಯುವುದು ಸೇವೆಯ ವರ್ಷಗಳೊಂದಿಗೆ. ಮಗುವಿಗಾಗಿ ಉದ್ಯೋಗವನ್ನು ತ್ಯಜಿಸಿದವರನ್ನು ಕೊಂಡಾಡುವ ಬರಹಗಳಿಗೆ ಈ ಲೆಕ್ಕ ಗೊತ್ತಿಲ್ಲ, ಅಥವಾ ಬೇಕಾಗಿಲ್ಲ. 43-ಸಿಯು ಈ ನಿರ್ಧಾರವನ್ನು ಇಲ್ಲವಾಗಿಸುವುದಿಲ್ಲ, ಹೆಚ್ಚೆಂದರೆ ಎರಡು ವರ್ಷ ಮುಂದೂಡುತ್ತದೆ.

ಬೇರೆ ಮಾದರಿಗಳು ಇಲ್ಲದಿಲ್ಲ. ಬ್ರಿಟನ್ನಿನಲ್ಲಿ ಪೋಷಕರ ರಜೆಯನ್ನು ಸಾಮಾನ್ಯವಾಗಿ ವಾರಗಳ ಲೆಕ್ಕದಲ್ಲಿ ಪಡೆಯಬೇಕಾದರೂ ವಿಕಲಚೇತನ ಮಗುವಿದ್ದರೆ ಬಿಡಿ ದಿನಗಳಾಗಿ ಪಡೆಯಬಹುದು. ಕೆಲಸದ ವೇಳೆಯನ್ನು ಹೊಂದಿಸಿಕೊಡುವಂತೆ ಕೋರುವ ಹಕ್ಕನ್ನು ಅಲ್ಲಿ 2003ರಲ್ಲಿ ಮೊದಲಿಗೆ ಪಡೆದವರಲ್ಲಿ ವಿಕಲಚೇತನ ಮಕ್ಕಳ ಪೋಷಕರೂ ಇದ್ದರು. ಜಪಾನ್ 2021ರ ಜನವರಿಯಿಂದ ಮಕ್ಕಳ ಶುಶ್ರೂಷೆಯ ರಜೆಯನ್ನು ಗಂಟೆಗಳಲ್ಲಿ ಪಡೆಯಲು ಅವಕಾಶ ಮಾಡಿತು. ಬ್ರಿಟನ್ನಿನ ರಜೆಗೆ ಸಂಬಳವಿಲ್ಲ, ಜಪಾನಿನದು ಒಂದು ಮಗುವಿಗೆ ವರ್ಷಕ್ಕೆ ಐದೇ ದಿನಗಳಷ್ಟು. ಮೊತ್ತದಲ್ಲಿ ಭಾರತದ ನಿಯಮ ಇವೆರಡಕ್ಕಿಂತಲೂ ಉದಾರವಾದದ್ದು. ಭಾರತದಲ್ಲೇ, ಯಾರೂ ಹಾಡಿ ಹೊಗಳದ ಒಂದು ಆದೇಶವಿದೆ: ವಿಕಲಚೇತನ ಅವಲಂಬಿತರ ಆರೈಕೆ ಮಾಡುವ ಕೇಂದ್ರ ನೌಕರರಿಗೆ ವಾಡಿಕೆಯ ವರ್ಗಾವಣೆಯಿಂದ ವಿನಾಯಿತಿ ನೀಡುವ ಆದೇಶ. ಥೆರಪಿಯ ಕೇಂದ್ರ, ಪರಿಚಿತ ವೈದ್ಯರು, ಮಗುವನ್ನು ಸೇರಿಸಿಕೊಂಡ ಶಾಲೆ ಇವನ್ನು ಕಳೆದುಕೊಳ್ಳದಂತೆ ನೋಡಿಕೊಳ್ಳುವ ಆ ಸುತ್ತೋಲೆ ಉದ್ಯೋಗದ ಆಕಾರವನ್ನೇ ಮುಟ್ಟುತ್ತದೆ. ಆ ಕಾರಣಕ್ಕೆ ಅದು 43-ಸಿಗಿಂತ ಹೆಚ್ಚು ವಿವೇಕದ ಬರಹ.

ನಿಯಮಕ್ಕೆ ಸಲ್ಲಬೇಕಾದದ್ದು ಸಲ್ಲಬೇಕು. ಮೂಳೆ ಮುರಿದ ಮಗುವಿನ ಪಕ್ಕದಲ್ಲಿ ಆಸ್ಪತ್ರೆಯಲ್ಲಿ ತಿಂಗಳು ಕಳೆಯುವ ತಾಯಿಗೆ ಅದು ನಿಜವಾದ ಆಸರೆ, ಮತ್ತು ಅಂಥ ಆಸರೆಯೂ ಖಾಸಗಿ ಕಂಪನಿ, ಗಾರ್ಮೆಂಟ್ ಕಾರ್ಖಾನೆ, ಮನೆಗೆಲಸಗಳಲ್ಲಿರುವ ಬಹುಸಂಖ್ಯಾತ ತಾಯಂದಿರಿಗೆ ಇಲ್ಲ. ಆದರೆ ಇಲ್ಲದವರ ಎದುರಿಗೆ ಇಟ್ಟು ಹೋಲಿಸಿದಾಗ ಮಾತ್ರ ದೊಡ್ಡದಾಗಿ ಕಾಣುವ ಸವಲತ್ತನ್ನು ಆದರ್ಶವೆಂದು ಕರೆಯಲಾಗದು. ಕಂತುಗಳ ಮಿತಿಯನ್ನೂ ಐದು ದಿನಗಳ ಕನಿಷ್ಠವನ್ನೂ ವಿಕಲಚೇತನ ಮಕ್ಕಳ ಪೋಷಕರ ಮಟ್ಟಿಗೆ ರದ್ದುಪಡಿಸಿ, ಅದೇ ಮೊತ್ತವನ್ನು ಗಂಟೆಗಳಲ್ಲಿ ಹಕ್ಕಾಗಿ ಪಡೆಯುವಂತೆ ಬದಲಾಯಿಸಿದರೆ 43-ಸಿ ತನ್ನ ಕೀರ್ತಿಗೆ ತಕ್ಕ ನಿಯಮವಾದೀತು. ಅಲ್ಲಿಯವರೆಗೆ ಅದನ್ನು ರಾಜ್ಯಗಳು ಯಥಾವತ್ತಾಗಿ ಅಳವಡಿಸಿಕೊಳ್ಳುವುದೆಂದರೆ ಒಂದು ದೋಷವನ್ನು ಇಪ್ಪತ್ತೆಂಟು ಕಡೆ ನಕಲು ಮಾಡಿದಂತೆ.